ಟೀವಿ ನೋಡಿ ಅವ್ವ ಕಲಿತ ಹಿಂದಿ

ಎಂಬತ್ತರ ದಶಕದ ಕೊನೆಯಲ್ಲಿ ಸಿರುಗುಪ್ಪದ ನಮ್ಮ ಮನೆಗೆ ಟೀವಿ ಬಂತು. ಕುರುಗೋಡಿನಲ್ಲಿ ಹುಟ್ಟಿ ಬೆಳೆದ ಅವ್ವನಿಗೆ ಕನ್ನಡ, ತೆಲುಗು ಎರಡೂ ಸಲೀಸು. ಹಿಂದಿ ಮಾತ್ರ ಬರುತ್ತಿರಲಿಲ್ಲ. ಆದರೂ ಭಾನುವಾರ ಬೆಳಿಗ್ಗೆಯ ಪೌರಾಣಿಕ ಧಾರಾವಾಹಿಯನ್ನು ಒಂದು ವಾರವೂ ತಪ್ಪಿಸುತ್ತಿರಲಿಲ್ಲ. ಕತೆ ಮೊದಲೇ ಗೊತ್ತಿದ್ದುದರಿಂದ, ಯಾರು ಏನು ಹೇಳುತ್ತಿದ್ದಾರೆಂದು ಊಹಿಸಿಕೊಂಡೇ ಮಾತು ಹಿಡಿಯುತ್ತಿದ್ದಳು. ಆಮೇಲೆ ರೊಟ್ಟಿ ಬಡಿಯುತ್ತಾ ಅಪ್ಪನನ್ನು "ಹೇ ಸ್ವಾಮಿ" ಎಂದು ಕರೆದು, ನಾವೆಲ್ಲ ನಕ್ಕರೆ ತಾನೂ ನಗುತ್ತಿದ್ದಳು.

ಆ ವರ್ಷವೇ ಊರಿನ ಅಕ್ಕಿ ಗಿರಣಿಗೆ ಉತ್ತರ ಭಾರತದ ಕಡೆಯಿಂದ ಒಬ್ಬ ಮೆಕ್ಯಾನಿಕ್ ಬಂದು ನಮ್ಮ ಪಕ್ಕದ ಮನೆ ಬಾಡಿಗೆ ಹಿಡಿದ. ಹೊಸದಾಗಿ ಮದುವೆಯಾಗಿ ಬಂದಿದ್ದ ಅವನ ಹೆಂಡತಿ, ಗಂಡ ಕೆಲಸಕ್ಕೆ ಹೋದ ಮೇಲೆ ಮಾತಾಡಲು ಯಾರೂ ಇಲ್ಲದೆ ಹಿತ್ತಲಲ್ಲಿ ಕೂತು ಅಳುತ್ತಿದ್ದಳು.

"ಪಾಪ, ಆ ಹುಡುಗಿ ಅಳಾಕ ಹತ್ತೈತಿ. ಹೋಗಿ ಮಾತಾಡಿಸ್ತೀನಿ," ಎಂದಳು ಅವ್ವ.

"ನಿನಗ ಹಿಂದಿ ಎಲ್ಲಿ ಬರ್ತೈತವ್ವಾ?" ಎಂದೆ.

"ಇಷ್ಟು ದಿನ ಟೀವಿ ಸುಮ್ಮನ ನೋಡೀನೇನು?"

ಬಿಸಿ ರೊಟ್ಟಿ, ಬದನೆಕಾಯಿ ಪಲ್ಯದ ತಟ್ಟೆ ಹಿಡಿದು ಹೊರಟ ಅವಳ ಹಿಂದೆ ನಾನೂ ಹೋದೆ. ಅವ್ವ ಆ ಹುಡುಗಿಯ ಎದುರು ನಿಂತು, ಗಂಟಲು ಸರಿಮಾಡಿಕೊಂಡು, "ಹೇ ದೇವಿ, ಭೋಜನ್ ಗ್ರಹಣ್ ಕೀಜಿಯೇ!" ಎಂದು ಥೇಟ್ ಧಾರಾವಾಹಿಯ ಧಾಟಿಯಲ್ಲೇ ಊಟಕ್ಕೆ ಕರೆದಳು.

ಹುಡುಗಿ ಕಣ್ಣೊರೆಸಿಕೊಂಡು ಬೆರಗಾಗಿ ನೋಡಿದಳು. ಮರುಕ್ಷಣವೇ ಹೊಟ್ಟೆ ಹಿಡಿದುಕೊಂಡು ನಗತೊಡಗಿದಳು. ನಗು ನಿಂತ ಮೇಲೆ, "ಜೋ ಆಜ್ಞಾ, ಮಾತಾಶ್ರೀ!" ಎಂದು ತಾನೂ ಅದೇ ಧಾಟಿಯಲ್ಲಿ ತಾಯಿಯ ಅಪ್ಪಣೆಗೆ ಒಪ್ಪಿದವಳಂತೆ ಕೈಮುಗಿದು ತಟ್ಟೆ ತೆಗೆದುಕೊಂಡಳು.

ಮುಂದಿನ ಭಾನುವಾರದಿಂದ ಆಕೆಯೂ ನಮ್ಮ ಮನೆಗೇ ಬಂದು ಅವ್ವನ ಪಕ್ಕ ಕೂತು ಟೀವಿ ನೋಡತೊಡಗಿದಳು. ತಿಳಿಯದ ಮಾತು ಬಂದಾಗಲೆಲ್ಲ ಅವ್ವ ಅವಳನ್ನು ಮೊಣಕೈಯಿಂದ ತಿವಿದು ಅರ್ಥ ಕೇಳುತ್ತಿದ್ದಳು.