ಸಾರೆಲ್ ಕಡವಿನ ಕಬ್ಬಿಣದ ಫಲಕ

ನಮ್ಮ ಟೆಲ್ಫೋರ್ಡ್ ಕೌಂಟಿಯ ಮಣ್ಣುರಸ್ತೆಗಳನ್ನು ಇಪ್ಪತ್ತಾರು ವರ್ಷ ಹದವಾಗಿಟ್ಟವಳು ರೋವೀನಾ ಬಾಸ್ಕಂ. ರಸ್ತೆ ಸಮ ಮಾಡುವ ಗ್ರೇಡರ್ ಯಂತ್ರ ಓಡಿಸಲು ಹೆಂಗಸೊಬ್ಬಳು ಬರುತ್ತಾಳಂತೆ ಎಂದು ರಸ್ತೆ ಇಲಾಖೆಯ ಶೆಡ್ಡಿನಲ್ಲಿ ನಕ್ಕವರಲ್ಲಿ ನಾನೂ ಒಬ್ಬ. ಆ ಚಳಿಗಾಲದಲ್ಲೇ ನನ್ನ ಲಾರಿ ಹಿಮದಲ್ಲಿ ಹೂತುಹೋಯಿತು. ಎಳೆದು ಹೊರಗೆ ತೆಗೆದವಳು ಅವಳೇ. ಅಲ್ಲಿಂದ ಮುಂದೆ ನಾನು ನಗಲಿಲ್ಲ.

ಸಾರೆಲ್ ನದಿಗೆ ಸೇತುವೆ ಬರುವ ಮೊದಲು ದೋಣಿ ಹಾಯುತ್ತಿದ್ದ ಕಡವಿನಲ್ಲಿ, ರಸ್ತೆಯಂಚಿಗೆ, ಕಂಬದ ಮೇಲೊಂದು ಎರಕದ ಕಬ್ಬಿಣದ ಫಲಕವಿತ್ತು. 'ಕುಡಿದ ಅಂಬಿಗ ಆಸಾ ಬಾಸ್ಕಂನ ಅಜಾಗರೂಕತೆಯಿಂದ ೧೮೭೯ರ ಏಪ್ರಿಲ್‌ನಲ್ಲಿ ಇಲ್ಲಿ ದೋಣಿ ಮಗುಚಿ ಒಂಬತ್ತು ಜನ ಮಡಿದರು' ಎಂದು ಅದರ ಮೇಲಿತ್ತು. ಆಸಾ ರೋವೀನಾಳ ಮುತ್ತಜ್ಜ. ಫಲಕದ ಸುತ್ತಲಿನ ಹುಲ್ಲು ಸವರುವುದು ನಮ್ಮ ಇಲಾಖೆಯ ಕೆಲಸ. ಬೇರೆ ಯಾರಿಗೂ ಬಿಡದೆ ಅವಳೇ ಕುಡುಗೋಲು ಹಿಡಿದು ಸವರುತ್ತಿದ್ದಳು.

ಮೇವಿಸ್ ಹೋಟೆಲಿನಲ್ಲಿ ಬೆಳಗಿನ ಕಾಫಿಯ ಹೊತ್ತಿಗೆ ನಮ್ಮೂರಿನ ಡೆಲ್ಬರ್ಟ್‌ನದು ದಿನವೂ ಒಂದೇ ಮಾತು. "ಏನಮ್ಮ ರೋವೀನಾ, ಇವತ್ತು ಯಾರನ್ನ ಮುಳುಗಿಸ್ತೀಯ?"

"ನಿನ್ನಿಂದ್ಲೇ ಶುರು ಮಾಡೋಣ ಅಂತಿದ್ದೆ. ಆದ್ರೆ ನೀನು ತೇಲ್ತೀಯ ಕಣೋ, ತಲೇಲಿ ಬರೀ ಗಾಳಿ."

ಎಲ್ಲರೂ ನಗುತ್ತಿದ್ದರು, ಅವಳೂ ನಗುತ್ತಿದ್ದಳು. ಮನೆಯಲ್ಲಿ ಮಾತ್ರ ಆ ನದಿಯ ಹೆಸರೆತ್ತುವಂತಿರಲಿಲ್ಲ. ಅವಳ ಅಪ್ಪ ಸಾಯುವವರೆಗೂ ಆ ರಸ್ತೆಯಲ್ಲಿ ಹೋದವನಲ್ಲ. ಪೇಟೆಗೆ ಹೋಗಬೇಕಾದರೂ ನಾಲ್ಕು ಮೈಲಿ ಸುತ್ತಿ ಹೋಗುತ್ತಿದ್ದ.

ಒಂದು ಮಾರ್ಚ್ ತಿಂಗಳು ಹಾಲಿನ ಲಾರಿ ಗುದ್ದಿ ಫಲಕ ಎರಡು ಹೋಳಾಯಿತು. ಹೊಸದು ಎರಕ ಹೊಯ್ಯಿಸಲು ಸ್ಮಾರಕ ಸಮಿತಿ ಸೇರಿತು. ಅಧ್ಯಕ್ಷರು ಎಲ್ವುಡ್ ಹೇಜಲ್ಟನ್. ನಮಗೆಲ್ಲ ಇತಿಹಾಸ ಕಲಿಸಿದ ಮೇಷ್ಟ್ರು, ಹಳೆಯ ಹಿಟ್ಟಿನ ಗಿರಣಿ ಮನೆತನದವರು. ಹಳೆಯ ಒಕ್ಕಣೆಯನ್ನೇ ಓದಿ, "ಆಕ್ಷೇಪಣೆ ಇಲ್ವಲ್ಲ?" ಎಂದರು.

ಹಿಂದಿನ ಸಾಲಿನಲ್ಲಿ ರೋವೀನಾ ಎದ್ದು ನಿಂತಳು. "ಇದೆ ಮೇಷ್ಟ್ರೇ. ಇದನ್ನ ಯಾವ ಕಾಗದ ನೋಡಿ ಬರೆದ್ರು?"

"ನಮ್ಮ ತಾತ ಬರೆಸಿದ್ದಮ್ಮ. ಊರಿಗೇ ಗೊತ್ತಿರೋ ವಿಷ್ಯ."

"ಊರಿಗೆ ಗೊತ್ತಿರೋದು ನಂಗೂ ಗೊತ್ತು, ದಿನಾ ಕಾಫಿ ಜೊತೆ ಕುಡೀತೀನಿ. ಕಾಗದ ಇದ್ಯಾ ಅಂತ ಕೇಳ್ದೆ. ಜೂನ್‌ವರೆಗೆ ಟೈಮ್ ಕೊಡಿ, ನಾನೇ ಹುಡುಕ್ತೀನಿ."

ಮೇಷ್ಟ್ರು ಒಪ್ಪಿದರು. ಹುಡುಕುವುದು ಬೇಡ ಎಂದು ಇತಿಹಾಸದ ಮೇಷ್ಟ್ರು ಹೇಗೆ ಹೇಳಿಯಾರು?

ಆಮೇಲೆ ಏಳು ವಾರ ಅವಳ ಮಧ್ಯಾಹ್ನದ ಊಟವೆಲ್ಲ ಕೋರ್ಟಿನ ನೆಲಮಾಳಿಗೆಯಲ್ಲಿ. ಒಂದು ಕೈಯಲ್ಲಿ ಹಂದಿಮಾಂಸದ ಸ್ಯಾಂಡ್‌ವಿಚ್, ಇನ್ನೊಂದರಲ್ಲಿ ಟಾರ್ಚು. ಪೆಟ್ಟಿಗೆಗಳನ್ನು ಕೆಳಗಿಳಿಸಲು ನಾನೂ ಹೋಗುತ್ತಿದ್ದೆ. ಮೇ ಕೊನೆಗೆ, ಹಂದಿಗಳಿಗೆ ಕಿವಿಗುರುತು ಹಾಕಿಸಿದ ದಾಖಲೆಗಳ ಅಡಿಯಲ್ಲಿ, ಆ ಸಾವುಗಳ ವಿಚಾರಣೆಯ ಕಾಗದ ಸಿಕ್ಕಿತು.

ಬದುಕಿ ಬಂದ ಕೆಜಾಯಾ ಲಂಡ್ ಎಂಬ ಹೆಂಗಸು ಪ್ರಮಾಣ ಮಾಡಿ ಹೇಳಿದ್ದಳು. ನದಿ ಕೆಂಪಗೆ ಉಕ್ಕುತ್ತಿತ್ತು. ಇವತ್ತು ದೋಣಿ ಬಿಡುವುದಿಲ್ಲ ಎಂದು ಅಂಬಿಗ ಎರಡು ಸಲ ಹೇಳಿದ. ಹಿಟ್ಟು ರೈಲಿಗೆ ಸೇರಬೇಕೆಂದು ಗಿರಣಿಯ ಟ್ರೂಮನ್ ಹೇಜಲ್ಟನ್, ನಮ್ಮ ಮೇಷ್ಟ್ರ ಮುತ್ತಜ್ಜ, ಗದರಿಸಿ, ತುಂಬಿದ ಗಾಡಿಯನ್ನು ತಾನೇ ದೋಣಿಗೆ ನೂಕಿಸಿ, ತಾನು ದಡದಲ್ಲೇ ನಿಂತ. ನಡುನೀರಿನಲ್ಲಿ, ದಡದಿಂದ ದಡಕ್ಕೆ ಕಟ್ಟಿ ದೋಣಿ ದಾಟಿಸುವ ಹಗ್ಗ ಹರಿದು ದೋಣಿ ಮಗುಚಿತು. ಆಸಾ ಈಜಿ ನಾಲ್ವರನ್ನು ದಡಕ್ಕೆ ತಂದ. ಐದನೆಯವರಿಗಾಗಿ ಹೋದವನು ಬರಲಿಲ್ಲ. ಕೊನೆಯಲ್ಲಿ ಇನ್ನೊಂದು ಸಾಲು: ಬೆಳಗಿನಿಂದ ಅವನು ಕುಡಿದಿದ್ದ, ಬಾಯಿ ವಿಸ್ಕಿ ನಾರುತ್ತಿತ್ತು.

ರೋವೀನಾ ಅದನ್ನು ಮೂರು ಸಲ ಓದಿದಳು. ಆಮೇಲೆ ತೋಳಿನಿಂದ ಕಣ್ಣೊರೆಸಿಕೊಂಡಳು. ಅವಳು ಅತ್ತದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಆ ಕೊನೇ ಸಾಲು ಯಾರಿಗೂ ತೋರಿಸ್ಬೇಡ ಕಣೇ," ಎಂದೆ.

"ಮುಚ್ಚಿಟ್ರೆ ಮೇಷ್ಟ್ರ ತಾತಂಗೂ ನಂಗೂ ಏನು ವ್ಯತ್ಯಾಸ? ಕುಡಿದಿದ್ದ, ನಿಜ. ಕುಡಿದೂ ನಾಲ್ಕು ಜನರನ್ನ ಎಳೆದು ತಂದ. ಅದೂ ನಿಜ."

ಜೂನ್ ಸಭೆಯಲ್ಲಿ ವಿಸ್ಕಿಯ ಸಾಲನ್ನೂ ಬಿಡದೆ ಅವಳು ಗಟ್ಟಿಯಾಗಿ ಓದಿದಳು. ಮೇಷ್ಟ್ರ ಮುಖ ಸುಣ್ಣ ಬಳಿದಂತಾಯಿತು. ಕಾಗದದ ಪ್ರತಿಯನ್ನು ಮಡಚಿ ಜೇಬಿಗಿಟ್ಟುಕೊಂಡು, ಸಭೆ ಮುಂದೂಡಿ ಹೊರಟುಹೋದರು.

ಹತ್ತು ದಿನದ ಮೇಲೆ ಅವರೇ ನಮ್ಮ ಶೆಡ್ಡಿಗೆ ಬಂದರು. ರೋವೀನಾ ಗ್ರೇಡರಿನ ಅಲಗು ಬದಲಾಯಿಸುತ್ತಿದ್ದಳು.

"ಗಿರಣಿಯವರು ಗಾಡಿ ಹೇರಿದ್ರು ಅಂತ ಹಾಕೋಣ," ಎಂದರು. "ಹೆಸರು ಬೇಕಾ?"

"ನಮ್ಮ ಮುತ್ತಜ್ಜನ ಹೆಸ್ರು ಅರವತ್ತೈದು ವರ್ಷ ಬಿಸ್ಲಲ್ಲಿ ನಿಂತಿತ್ತು ಮೇಷ್ಟ್ರೇ. ನಿಮ್ಮವರ ಹೆಸ್ರಿಗೂ ಒಂಚೂರು ಗಾಳಿ ತಾಗ್ಲಿ."

ಮೇಷ್ಟ್ರಿಗೆ ನಗು ತಡೆಯಲಾಗಲಿಲ್ಲ. "ಶಾಲೇಲೂ ನೀನು ಹೀಗೇ ಇದ್ದೆ!"

"ಇನ್ನೂ ಒಂದಿದೆ. ಸತ್ತಿದ್ದು ಒಂಬತ್ತಲ್ಲ, ಹತ್ತು. ಅಂಬಿಗನ್ನ ಯಾರೂ ಲೆಕ್ಕಕ್ಕೇ ತಗೊಂಡಿಲ್ಲ. ಉಳಿದವರಿಗೂ ಹೆಸರಿಲ್ಲ, ಬರೀ ಸಂಖ್ಯೆ. ಅವರೂ ಯಾರಾದ್ರೂ ಹೆತ್ತ ಮಕ್ಕಳಲ್ವಾ?"

ಮೇಷ್ಟ್ರು ಜೇಬಿನಿಂದ ಆ ಕಾಗದದ ಪ್ರತಿ ತೆಗೆದು ಇನ್ನೊಮ್ಮೆ ನೋಡಿದರು. ಆಮೇಲೆ, "ಅದನ್ನ ನಂಗೆ ಬಿಡು," ಎಂದರು. ಆ ಬೇಸಿಗೆಯೆಲ್ಲ ಎಪ್ಪತ್ತೆಂಟರ ಆ ಮುದುಕರು ಕೋಲೂರಿಕೊಂಡು ಸ್ಮಶಾನ ಸ್ಮಶಾನ ಅಲೆದರು, ಚರ್ಚಿನ ಪುಸ್ತಕಗಳನ್ನು ತಿರುವಿದರು. ಕೆಲವು ಕಲ್ಲುಗಳ ಪಾಚಿ ಕೆರೆಯಲು ರೋವೀನಾ ಜೊತೆಗೆ ಹೋದಳು. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡುತ್ತಿದ್ದರಂತೆ. ಆಗಸ್ಟ್ ಮುಗಿಯುವಾಗ ಒಂಬತ್ತು ಹೆಸರೂ ಸಿಕ್ಕಿದ್ದವು.

ಅಕ್ಟೋಬರ್‌ನಲ್ಲಿ ಹೊಸ ಫಲಕ ನೆಟ್ಟೆವು. ಮೊದಲು ಹತ್ತು ಹೆಸರು. ಕೆಳಗೆ ಉಕ್ಕಿದ ನದಿ, ಹೇಜಲ್ಟನ್‌ನ ಗಾಡಿ, ಆಸಾನ ವಿಸ್ಕಿ, ಅವನು ಉಳಿಸಿದ ನಾಲ್ಕು ಜೀವ. ಬಟ್ಟೆ ಸರಿಸಿದವರು ಮೇಷ್ಟ್ರು. ತಮ್ಮ ಮನೆತನದ ಹೆಸರು ಬಂದಾಗಲೂ ದನಿ ತಗ್ಗಿಸದೆ ಓದಿದರು. ಡೆಲ್ಬರ್ಟ್ ಟೋಪಿ ತೆಗೆದು ನಿಂತಿದ್ದ. ಮುಗಿದ ಮೇಲೆ ರೋವೀನಾಳ ಹತ್ತಿರ ಬಂದು, "ಇನ್ಮೇಲೆ ನಾನು ಬೆಳಗ್ಗೆ ಏನಂತ ಮಾತಾಡಿಸ್ಲಿ?" ಎಂದು ತಡವರಿಸಿದ.

"'ನಮಸ್ಕಾರ' ಅನ್ನು. ಸುಲಭ ಇದೆ, ಕಲೀಬಹುದು."

ಮರುವರ್ಷ ಅವಳು ನಿವೃತ್ತಳಾದಳು. ಸಮಿತಿಯಲ್ಲಿ ಕೂರಲು ಮೇಷ್ಟ್ರೇ ಕರೆದರು. ಕೌಂಟಿಯಲ್ಲಿ ಇನ್ನೂ ನಲವತ್ತೊಂದು ಫಲಕಗಳಿವೆ. ಒಂದೊಂದಕ್ಕೂ ಕಾಗದ ಎಲ್ಲಿದೆ ಎಂದು ಅವಳು ಕೇಳುತ್ತಾ ಹೋಗುತ್ತಿದ್ದಾಳೆ. ಈ ವಾರ ಮೆಥಡಿಸ್ಟ್ ಚರ್ಚಿನ ಗಂಟೆಯ ಫಲಕದ ಸರದಿ. ಪಾದ್ರಿಗಳು ಈಗಾಗಲೇ ಬೆವರುತ್ತಿದ್ದಾರೆ.