ಅಂಕ ಬೀಳದ ಒಂದು ಸಾಲು

ವಿದ್ಯಾರ್ಥಿನಿ ಸುಜಾತಾ ತುಂಬಿದ ಹಾಳೆಯನ್ನು ನನ್ನ ಕೈಗಿಟ್ಟಳು. ಮಕ್ಕಳಿಂದಲೇ ಉಪಕರಣ ಕಟ್ಟಿಸಿ ವಿಜ್ಞಾನ ಕಲಿಸುವ ಆತ್ಮವಿಶ್ವಾಸ ಭಾವಿ ಶಿಕ್ಷಕರಿಗೆ ಎಷ್ಟಿದೆ ಎಂದು ಅಳೆಯಲು, ಅಥಣಿಯ ನಮ್ಮ ಬಿ.ಇಡಿ. ಕಾಲೇಜಿನಲ್ಲಿ ನಾನು ಹಂಚಿದ್ದ ಪ್ರಶ್ನಾವಳಿ ಅದು; ಪ್ರತಿ ಸಾಲಿಗೂ ಅವರು ತಮಗೆ ತಾವೇ ಅಂಕ ಕೊಟ್ಟುಕೊಳ್ಳಬೇಕಿತ್ತು. ‘ಕಟ್ಟಿದ್ದು ಮುರಿದರೆ ಮಕ್ಕಳಿಗೆ ಧೈರ್ಯ ಹೇಳಿ ಮತ್ತೆ ಕಟ್ಟಿಸಬಲ್ಲೆ’ ಎಂಬ ಸಾಲಿಗೆ ಅವಳು ಅಂಕವನ್ನೇ ಹಾಕಿರಲಿಲ್ಲ.

“ಇದೊಂದ ಯಾಕ ಬಿಟ್ಟೀ?” ಎಂದು ಕೇಳಿದೆ.

“ಬಾವ್ಯಾಗ ಇಳಿಯಾಕ ನಮ್ಮಪ್ಪ ತಾನ ಒಂದು ರಾಟಿ ಮಾಡಿದ್ದನ್ರಿ ಸರ್. ಮೊದಲನೇ ಸಲ ಇಳಿಯೂ ಮುಂದನ ಅದು ಮುರೀತು. ಅಪ್ಪ ಉಳೀಲಿಲ್ಲ. ಮುರದ್ರೇನಾತು, ಮತ್ತ ಮಾಡೂಣು ಅಂತ ಹುಡುಗೂರಿಗೆ ನಾ ಹೆಂಗ ಹೇಳ್ಲಿರಿ?”

ಎಷ್ಟೋ ವರ್ಷಗಳಿಂದ ಆ ಮಾತನ್ನು ತರಗತಿಯಲ್ಲಿ ಸಲೀಸಾಗಿ ಹೇಳುತ್ತ ಬಂದವನು ನಾನು. ಅಂಕ ತುಂಬು ಎನ್ನದೆ, ಆ ಸಾಲನ್ನು ಖಾಲಿಯಾಗಿಯೇ ಬಿಟ್ಟು ಅವಳ ಹಾಳೆಯನ್ನು ಉಳಿದವುಗಳ ಜೊತೆ ಇಟ್ಟುಕೊಂಡೆ.