ಹಲಸಿಗೆ ತೊಡಿಸಿದ ಅಂಗಿ

"ಹಳೆಯ ಅಂಗಿ ಮೂರು ಇದ್ದರೆ ತಕೊಂಡು ಬಾ ಮಾರಾಯ. ಉದ್ದ ತೋಳಿನದ್ದೇ ಆಗಬೇಕು."

ಕಳೆದ ವಾರ ಫೋನಿನಲ್ಲಿ ಭಾವ ಹೇಳಿದ್ದು ಇಷ್ಟೇ. ಯಾಕೆ ಎಂದು ಕೇಳಿದೆ. "ನೀನು ಬಾ, ಹೇಳ್ತೇನೆ" ಎಂದು ಫೋನ್ ಇಟ್ಟುಬಿಟ್ಟರು.

ಭಾವ ಎಂದರೆ ನನ್ನ ಅಕ್ಕನ ಗಂಡ ಜಯರಾಮ. ಮಡಂತ್ಯಾರಿನಿಂದ ಸ್ವಲ್ಪ ಒಳಗೆ ಅವರ ರಬ್ಬರ್ ತೋಟ, ಅದರ ಅಂಚಿಗೆ ಮರಗೆಣಸು. ಮರಗೆಣಸು ಇದ್ದ ಮೇಲೆ ಕಾಡುಹಂದಿ ಬರದೆ ಇರುತ್ತದೆಯೇ? ಹಾಗಾಗಿ ಬೆಳೆ ರಕ್ಷಣೆಗೆ ಲೈಸೆನ್ಸ್ ಪಡೆದ ಒಂದು ಕೋವಿಯೂ ಮನೆಯಲ್ಲಿದೆ. ಫೋನ್ ಮಾಡಿದರೆ ಅರ್ಧ ಗಂಟೆ ಬಿಡದ ಮನುಷ್ಯ ಆ ದಿನ ಅರ್ಧ ನಿಮಿಷವೂ ಮಾತಾಡಿರಲಿಲ್ಲ.

ಭಾನುವಾರ ಬೆಳಗ್ಗೆ ಮೂಡಬಿದಿರೆಯಿಂದ ಹೊರಟೆ. ಚೀಲದಲ್ಲಿ ಮೂರು ಅಂಗಿ. (ಅದರಲ್ಲಿ ಒಂದು ನನ್ನ ನಿಶ್ಚಿತಾರ್ಥದ್ದು. ಹೊಟ್ಟೆಯ ವಿರೋಧದಿಂದಾಗಿ ಹತ್ತು ವರ್ಷದಿಂದ ಬೀರುವಿನಲ್ಲೇ ಇತ್ತು.) ಅಂಗಳದಲ್ಲೇ ಅಕ್ಕ ತಡೆದು ಸಣ್ಣ ಸ್ವರದಲ್ಲಿ ಹೇಳಿದಳು, "ಮೂರು ವಾರ ಆಯ್ತು, ಸರಿ ಊಟ ಇಲ್ಲ. ಕೇಳಿದರೆ ಗ್ಯಾಸ್ಟ್ರಿಕ್ ಅಂತಾರೆ. ನೀನಾದರೂ ಕೇಳು."

ಭಾವ ಕೋವಿ ಹಿಡಿದು ಆಗಲೇ ತೋಟದ ಕಡೆ ಹೊರಟಿದ್ದರು. ನಾನು ಹಿಂದೆ ಹೋದೆ.

ರಬ್ಬರ್ ತೋಟದೊಳಗೆ ನಡುಹಗಲಿನಲ್ಲಿ ನಿಂತಿದ್ದೀರಾ? ಎಲ್ಲ ಮರಗಳೂ ಒಂದೇ ದಪ್ಪ, ಒಂದೇ ಎತ್ತರ. ಯಾವ ಕಡೆ ತಿರುಗಿದರೂ ಅದೇ ಸಾಲು. ಹಕ್ಕಿಯ ಸದ್ದೂ ಕಡಿಮೆ. ತರಗೆಲೆಯ ಮೇಲೆ ನಮ್ಮದೇ ಕಾಲಿನ ಸಪ್ಪಳ, ಬೇರೆ ಯಾರೋ ಹಿಂದೆ ಬರುತ್ತಿರುವಂತೆ.

ತೋಟದ ತುದಿಯಲ್ಲಿ ಎತ್ತರದ ಮಣ್ಣಿನ ಬರೆ, ಗುಡ್ಡ ಕಡಿದು ಉಳಿದ ಗೋಡೆಯಂಥದ್ದು. ಅದರ ಮುಂದೆ ಮೂರು ಗೂಟ. ಒಂದೊಂದಕ್ಕೂ ಒಂದೊಂದು ಬಲಿತ ಹಲಸಿನಕಾಯಿಯನ್ನು ಬಿಗಿದು ಕಟ್ಟಿದ್ದರು.

"ಅಂಗಿ ತೊಡಿಸು" ಎಂದರು ಭಾವ.

"ನಿಮ್ಮ ಊರಿನ ಹಂದಿಗಳು ಅಂಗಿ ಹಾಕ್ತವಾ ಭಾವ?"

ಅವರು ಗೂಟದ ಹಗ್ಗವನ್ನು ಇನ್ನಷ್ಟು ಬಿಗಿದರು. ನಾನು ಗುಂಡಿ ಹಾಕತೊಡಗಿದೆ. ಹಲಸಿಗೆ ಅಂಗಿ ತೊಡಿಸುವುದು ಸುಲಭವಲ್ಲ, ಮುಳ್ಳಿಗೆ ಬಟ್ಟೆ ಸಿಕ್ಕಿಕೊಳ್ಳುತ್ತದೆ. ಕೊನೆಯ ಗುಂಡಿ ಹಾಕಿ ಹಿಂದೆ ಸರಿದು ನೋಡಿದೆ. ಖಾಲಿ ತೋಳುಗಳನ್ನು ಇಳಿಬಿಟ್ಟುಕೊಂಡು, ತಲೆಯಿಲ್ಲದ ಮೂವರು ನನ್ನ ಬಟ್ಟೆಯಲ್ಲಿ ನಿಂತಿದ್ದರು.

ಮೂವತ್ತೈದು ಹೆಜ್ಜೆ ದೂರದಲ್ಲಿ ನೆಲದಲ್ಲಿ ಒಂದು ಕಲ್ಲು ಊರಿದ್ದರು. ಭಾವ ಅಲ್ಲಿ ನಿಂತು ನನ್ನನ್ನು ಹಿಂದಕ್ಕೆ ಕರೆದರು. ಕಿಸೆಯಲ್ಲಿ ಮೂರು ಬಗೆಯ ತೋಟಾ. ಒಂದರಲ್ಲಿ ಸಾಸಿವೆಯಂಥ ಸಣ್ಣ ಚರೆ, ಸೀಸದ ಕಾಳು. ಇನ್ನೊಂದರಲ್ಲಿ ಕಡಲೆಕಾಳಿನಂಥ ದಪ್ಪ ಚರೆ, ನಮ್ಮವರು ಎಲ್‌ಜಿ ಎನ್ನುವುದು ಅದಕ್ಕೆ. ಮೂರನೆಯದರಲ್ಲಿ ಒಂದೇ ಒಂದು ಗುಂಡು.

ಮೊದಲು ಸಣ್ಣ ಚರೆ. ಸದ್ದು ಬರೆಗೆ ಬಡಿದು ವಾಪಸ್ ಬಂತು. ಓಡಿ ಹೋಗಿ ನೋಡಿದೆವು. ಅಂಗಿಯ ತುಂಬ ಜರಡಿಯಂಥ ತೂತುಗಳು. ಆದರೆ ಚರೆ ಹೆಚ್ಚಿನವು ಕಾಯಿಯ ಸಿಪ್ಪೆಯಲ್ಲೇ ನಿಂತಿದ್ದವು. ಭಾವನ ಮುಖ ಅರಳಿತು. "ನೋಡು, ಒಳಗೆ ಹೋಗಲಿಲ್ಲ! ಹೋಗಲಿಲ್ಲ ಅಲ್ವಾ?" ಎಂದು ನನ್ನ ಕೈ ಹಿಡಿದು ಕೇಳಿದರು. ಇಷ್ಟು ಖುಷಿ ಯಾಕೆ ಎಂದು ನನಗೆ ಅರ್ಥವಾಗಲಿಲ್ಲ.

ಆಮೇಲೆ ಒಂಟಿ ಗುಂಡು. ಎದೆಯಲ್ಲಿ ಒಂದು ಬೆರಳು ಹೋಗುವಷ್ಟೇ ತೂತು. ಹಿಂದೆ ಹೋಗಿ ನೋಡಿದರೆ ಅಂಗಿಯ ಬೆನ್ನೇ ಇರಲಿಲ್ಲ. (ಅದೇ ನಿಶ್ಚಿತಾರ್ಥದ ಅಂಗಿ.) ಹಲಸಿನ ಮೇಣ ಗೂಟದ ಮೇಲೆ ಬೆಳ್ಳಗೆ ಇಳಿಯುತ್ತಿತ್ತು.

ಕೊನೆಗೆ ದಪ್ಪ ಚರೆ. ಅದಕ್ಕೆ ಭಾವ ತುಂಬ ಹೊತ್ತು ತೆಗೆದುಕೊಂಡರು. ತೋಟಾ ಹಾಕಿ, ತೆಗೆದು, ಮತ್ತೆ ಹಾಕಿದರು. ಹೊಡೆದ ಮೇಲೆ ನಿಂತಲ್ಲೇ ನಿಂತು, "ನೀನೇ ನೋಡಿ ಬಾ" ಎಂದರು.

ಅಂಗಿಯಲ್ಲಿ ಐದು ತೂತು. ಒಂದು ಎಡಗಡೆಯ ಕಿಸೆಯ ಮೇಲೆಯೇ. ಮೂರು ಚರೆ ಬೆನ್ನಿನಿಂದ ಹೊರಬಿದ್ದು ಬರೆಯ ಮಣ್ಣಿಗೆ ಹೊಕ್ಕಿದ್ದವು.

"ಎಷ್ಟು?" ಎಂದು ಅಲ್ಲಿಂದಲೇ ಕೂಗಿದರು. ಹೇಳಿದೆ. ಅವರು ಕೋವಿಯನ್ನು ಮಡಚಿ ಪಕ್ಕಕ್ಕಿಟ್ಟು ನೆಲದ ಮೇಲೆ ಕುಳಿತುಬಿಟ್ಟರು.

ಹತ್ತಿರ ಹೋಗಿ ಕೇಳಿದೆ, "ಭಾವ, ಹಂದಿ ಇಷ್ಟು ಎತ್ತರ ಇರುವುದಿಲ್ಲ. ಇದು ಯಾರ ಎತ್ತರ?"

"ಗುಲಾಬಿಯದ್ದು."

ಗುಲಾಬಿ ಅವರ ತೋಟದಲ್ಲಿ ರಬ್ಬರ್ ಟ್ಯಾಪಿಂಗ್ ಮಾಡುವ, ಎಂದರೆ ತೊಗಟೆ ಕೆತ್ತಿ ಹಾಲಿಳಿಸುವ ಹೆಂಗಸು. ಐವತ್ತರ ಹತ್ತಿರದ ವಯಸ್ಸು. ಬೆಳಕು ಹರಿಯುವ ಮೊದಲೇ ಹಣೆಗೆ ಲೈಟ್ ಕಟ್ಟಿಕೊಂಡು ಬಂದು ಮರದಿಂದ ಮರಕ್ಕೆ ಹೋಗುತ್ತಾಳೆ. ಸೊಳ್ಳೆಗೆ, ರಬ್ಬರ್ ಹಾಲಿನ ಕಲೆಗೆ ಎಂದು ಸೀರೆಯ ಮೇಲೆ ಗಂಡಸರ ಉದ್ದ ತೋಳಿನ ಅಂಗಿ ಹಾಕುತ್ತಾಳೆ.

ಭಾವ ನೆಲ ನೋಡುತ್ತಾ ಹೇಳಿದರು. "ಮೂರು ವಾರದ ಹಿಂದೆ, ಬೆಳಕಾಗುವ ಮೊದಲು ಹಂದಿ ಕಾಯ್ತಾ ಇದ್ದೆ. ತರಗೆಲೆ ಸದ್ದಾಯ್ತು. ಕಪ್ಪಗೆ ಏನೋ ಅಲ್ಲಾಡಿತು. ಹೊಡೆದೆ. ಆಮೇಲೆ ಅಲ್ಲಿ ಲೈಟ್ ಹತ್ತಿತು ಮಾರಾಯ. ಬ್ಯಾಟರಿ ಬದಲಿಸ್ಲಿಕ್ಕೆ ಅಂತ ಆರಿಸಿದ್ದಾಳೆ ಅವಳು. 'ಯಾರದು ಪಟಾಕಿ ಬಿಟ್ಟದ್ದು?' ಅಂತ ಕೇಳಿದಳು. ನಾನು ಉಸಿರೆತ್ತಲಿಲ್ಲ. ಕೋವಿಯಲ್ಲಿ ಇದ್ದದ್ದು ಎಲ್‌ಜಿ. ಇಷ್ಟು ದೂರಕ್ಕೆ ಏನೂ ಆಗ್ತಿರಲಿಲ್ಲ ಅಂತ ನನಗೆ ಗೊತ್ತಾಗಬೇಕಿತ್ತು. ಅಷ್ಟೇ ಸಾಕಿತ್ತು."

ಎದ್ದು ನಾಲ್ಕು ಸಾಲು ಆಚೆ ಕರೆದುಕೊಂಡು ಹೋದರು. ಅಕ್ಕಪಕ್ಕದ ಎರಡು ಮರ. ಎರಡರಲ್ಲೂ ಎದೆಯ ಮಟ್ಟದಲ್ಲಿ ಚರೆಯ ಗಾಯ. ಪ್ರತಿ ಗಾಯದಿಂದಲೂ ಹಾಲು ಉದ್ದಕ್ಕೆ ಹರಿದು ಒಣಗಿ ಗೆರೆಯಾಗಿತ್ತು. ಎರಡು ಮರಗಳ ನಡುವೆ ಒಬ್ಬರು ನಿಲ್ಲುವಷ್ಟು ಜಾಗ.

"ನಾನು ಅಲ್ಲೇ ಇದ್ದದ್ದು."

ಇಬ್ಬರೂ ಬೆಚ್ಚಿ ತಿರುಗಿದೆವು. ರಬ್ಬರ್ ಶೀಟು ಒಣಹಾಕಲು ಬಂದಿದ್ದ ಗುಲಾಬಿ ಗೂಟಗಳ ಹತ್ತಿರ ನಿಂತಿದ್ದಳು. ಅವಳ ಮೈಮೇಲೂ ಅಂಥದೇ ಒಂದು ಅಂಗಿ. ಹಲಸಿನ ಅಂಗಿಯ ಐದು ತೂತುಗಳನ್ನು ಒಂದೊಂದಾಗಿ ಬೆರಳಿನಿಂದ ಮುಟ್ಟಿ ನೋಡುತ್ತಿದ್ದಳು.

(ಮಾತೆಲ್ಲ ತುಳುವಿನಲ್ಲಿ ನಡೆದದ್ದು. ನಿಮಗಾಗಿ ಕನ್ನಡ ಮಾಡಿದ್ದೇನೆ.)

"ಗುಲಾಬೀ..." ಎಂದರು ಭಾವ. "ನಾನು ನಿನಗೆ..."

"ಗೊತ್ತುಂಟು ಅಣ್ಣ. ಮಾರನೇ ದಿನವೇ ಮರ ನೋಡಿದೆ. ಕತ್ತಿಯಲ್ಲಿ ಕೆತ್ತಿ ತೆಗೆದೆ." ಸೊಂಟದ ಎಲೆಯಡಿಕೆ ಚೀಲಕ್ಕೆ ಕೈಹಾಕಿ ಎರಡು ಚರೆ ತೆಗೆದು ಅಂಗೈಯಲ್ಲಿ ಹಿಡಿದಳು. "ಅಂದಿನಿಂದ ಒಂದೊಂದು ಮರದ ಹತ್ತಿರವೂ ಗಟ್ಟಿಯಾಗಿ ಮಾತಾಡಿಕೊಂಡೇ ಹೋಗ್ತೇನೆ. ಮನುಷ್ಯರ ಸ್ವರ ಅಂತ ನಿಮಗೆ ತಿಳೀಲಿ ಅಂತ."

ಮೂರು ವಾರ. ಕತ್ತಲಲ್ಲಿ ಒಬ್ಬಳೇ, ಮರಗಳಿಗೆ ಸೌಖ್ಯವಾ ಎಂದು ಕೇಳುತ್ತಾ ಹೋಗುವ ಹೆಂಗಸು. ಅತ್ತ ಮನೆಯಲ್ಲಿ, ಸದ್ದು ಕೇಳಿದಾಗಲೆಲ್ಲ ಹಾಸಿಗೆಯಲ್ಲಿ ಎದ್ದು ಕೂರುವ ಗಂಡಸು. ಇಬ್ಬರಿಗೂ ಗೊತ್ತು. ಇಬ್ಬರೂ ಹೇಳಲಿಲ್ಲ.

"ನೀನಾದರೂ ಕೇಳಬಹುದಿತ್ತಲ್ಲ ಗುಲಾಬಿ?" ಎಂದೆ ನಾನು.

"ಕೇಳಿದ ಮೇಲೆ ಕೆಲಸ ಉಂಟಾ ಇಲ್ಲವಾ ಅಂತ ಯಾರಿಗೆ ಗೊತ್ತು?" ಎಂದಳು. ಸಿಟ್ಟು ಇರಲಿಲ್ಲ. ಅದೇ ಹೆಚ್ಚು ಹೆದರಿಕೆ ಹುಟ್ಟಿಸಿತು.

ಎಷ್ಟು ಮನೆಗಳಲ್ಲಿ, ಆಫೀಸುಗಳಲ್ಲಿ ಹೀಗೆ ಕೂಲಿಯವರು ತಮ್ಮ ಜೀವಕ್ಕೆ ತಾವೇ ಸದ್ದು ಮಾಡಿಕೊಂಡು ಓಡಾಡುತ್ತಿರಬಹುದು? ನಾವು ಅದನ್ನು ಅವರ ಸ್ವಭಾವ ಅಂದುಕೊಂಡಿರುತ್ತೇವೆ. ತುಂಬ ಮಾತು, ಸ್ವಲ್ಪ ಲೂಸ್. ಅಲ್ಲವೇ?

ಭಾವ ಅವಳ ಮುಂದೆ ಕೈಮುಗಿದು ನಿಂತರು. ಅವಳು ಆ ಕೈಗಳನ್ನು ನೋಡಲಾರದೆ ಶೀಟಿನ ಕಡೆ ನಡೆದಳು. ಸೋಮವಾರ ಬೆಳಗ್ಗೆ ಭಾವ ಕೋವಿಯನ್ನೂ ಉಳಿದ ತೋಟಾಗಳನ್ನೂ ಠಾಣೆಗೆ ಒಪ್ಪಿಸಿ, ನಡೆದದ್ದನ್ನು ಬರೆದುಕೊಟ್ಟು ಬಂದರು. ಸಂಜೆ ಅಕ್ಕ ಫೋನಿನಲ್ಲಿ ಅತ್ತಳು. ಊಟ ಮಾಡಿದರಂತೆ.

ನಿನ್ನೆ ಅವಳದೇ ಮತ್ತೆ ಫೋನ್. ಗುಲಾಬಿ ಕೆಲಸಕ್ಕೆ ಬರುತ್ತಿದ್ದಾಳೆ, ಆದರೆ ಗಟ್ಟಿಯಾಗಿ ಮಾತಾಡುವುದನ್ನು ಬಿಟ್ಟಿಲ್ಲ. ಕೋವಿಯೇ ಇಲ್ಲವಲ್ಲ, ಇನ್ನು ಯಾಕೆ ಎಂದು ಅಕ್ಕ ಕೇಳಿದಳಂತೆ. ಅದಕ್ಕೆ ಗುಲಾಬಿ ಅಂದದ್ದು:

"ಆಚೆ ತೋಟದವರ ಹತ್ತಿರ ಕೋವಿ ಉಂಟಲ್ಲ ಅಕ್ಕ?"